ನೆಗೆಟಿವ್ ಎಲ್ಲಿದೆ?

ಒಂದು ಫೋಟೋ ಯಾರಿಗೆ ಸೇರಿದ್ದು? ತೆಗೆದವನಿಗೋ, ತೆಗೆಸಿಕೊಂಡವನಿಗೋ? ಸ್ಟುಡಿಯೋ ನಡೆಸುವವರಿಗೆ ಇದು ಹಳೆಯ ಪ್ರಶ್ನೆ. ಕಾನೂನು ಏನೇ ಹೇಳಲಿ, ನಮ್ಮ ಪೇಟೆಯ ಮಟ್ಟಿಗೆ ಇದಕ್ಕೆ ಎಲ್ಲರೂ ಒಪ್ಪಿದ ಒಂದು ಉತ್ತರವಿತ್ತು. ಪ್ರಿಂಟು ಗಿರಾಕಿಯದು, ನೆಗೆಟಿವ್ ಸ್ಟುಡಿಯೋದಲ್ಲಿಟ್ಟ ಅಮಾನತು. ಕೇಳಿದಾಗ ಕೊಡಬೇಕು, ಕೇಳುವ ತನಕ ಕಾಯಬೇಕು. ಹೆಣ್ಣುಮಕ್ಕಳ ಫೋಟೋ ತೆಗೆಸಿದ ಎಷ್ಟೋ ಮನೆಯವರು ಪ್ರಿಂಟಿನ ಜೊತೆ ನೆಗೆಟಿವನ್ನೂ ಕೇಳಿ ಒಯ್ಯುತ್ತಿದ್ದರು. ಅದರಲ್ಲಿ ಅನುಮಾನದ ಪ್ರಶ್ನೆ ಇರಲಿಲ್ಲ. ತಮ್ಮ ವಸ್ತುವನ್ನು ತಾವು ಒಯ್ಯುತ್ತಿದ್ದರು, ಅಷ್ಟೇ.

ಆದರೆ ಕಳೆದ ಇಪ್ಪತ್ತು, ಇಪ್ಪತ್ತೈದು ವರ್ಷಗಳಲ್ಲಿ ಈ ಇಬ್ಬರ ನಡುವೆ ಸದ್ದಿಲ್ಲದೆ ಮೂರನೆಯವರು ಬಂದು ಕುಳಿತಿದ್ದಾರೆ. ಅವರು ಕ್ಯಾಮರಾ ಹಿಡಿದವರಲ್ಲ, ಕ್ಯಾಮರಾದ ಮುಂದೆ ನಿಂತವರೂ ಅಲ್ಲ. ಫೋಟೋ ತಿದ್ದುವ ತಂತ್ರಾಂಶವನ್ನು ಮತ್ತು ಅದು ಓಡುವ ಕಂಪ್ಯೂಟರ್ ವ್ಯವಸ್ಥೆಯನ್ನು ತಯಾರಿಸುವ ಕಂಪೆನಿಗಳವರು. ಯಾವ ಯಂತ್ರದಲ್ಲಿ ಯಾವ ಕಡತ ತೆರೆಯಬೇಕು, ಎಷ್ಟು ವರ್ಷ ತೆರೆಯಬೇಕು ಎಂಬುದನ್ನು ಈಗ ಅವರು ತೀರ್ಮಾನಿಸುತ್ತಾರೆ. ನಮ್ಮ ಕಸುಬಿನಲ್ಲಿ ಇದರಿಂದ ಏನೇನಾಯಿತು ಎಂಬುದನ್ನು ಹೇಳಬೇಕೆನಿಸಿತು. ಏಕೆಂದರೆ ಇದು ಈಗ ಸ್ಟುಡಿಯೋದವರ ಸಮಸ್ಯೆಯಾಗಿ ಉಳಿದಿಲ್ಲ. ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬರ ಸಮಸ್ಯೆಯಾಗಿದೆ.

ನಮ್ಮದು ಕರಾವಳಿಯ ತಾಲೂಕು ಪೇಟೆಯೊಂದರ ಸಣ್ಣ ಸ್ಟುಡಿಯೋ. ತಂದೆ ಹಾಕಿದ್ದು, ನಾವು ಮೂವರು ಮಕ್ಕಳು ಮುಂದುವರಿಸಿದ್ದು. ಒಬ್ಬರು ಅಂಗಡಿಯಲ್ಲೇ ಉಳಿದರು. ಒಬ್ಬರು ಶಾರ್ಜಾಕ್ಕೆ ಹೋಗಿ ಜಾಹೀರಾತು ಮುದ್ರಣದ ಕೆಲಸಕ್ಕೆ ಸೇರಿದರು. ಕಿರಿಯವಳು ಇಂಜಿನಿಯರಿಂಗ್ ಓದಿದಳು. ಆದರೂ ಅಂಗಡಿಯ ಕೆಲಸ ಮೂವರದೂ ಆಗಿತ್ತು. ಹರಿದ ಹಳೆಯ ಫೋಟೋ ಸರಿಪಡಿಸುವ ಕೆಲಸ ಬಂದರೆ ಅದು ಊರಿಂದ ಶಾರ್ಜಾಕ್ಕೂ ಹಾಸ್ಟೆಲಿಗೂ ಹೋಗಿ ಬರುತ್ತಿತ್ತು.

ತಂದೆಯ ಕಾಲದ ಕೆಲಸವನ್ನು ನಾವು ನೋಡಿ ಬೆಳೆದವರು. ಡಾರ್ಕ್‌ರೂಮಿನ ಕೆಂಪು ದೀಪ, ಹೈಪೋದ ವಾಸನೆ, ತಂತಿಯ ಮೇಲೆ ಕ್ಲಿಪ್ಪು ಹಾಕಿ ಒಣಗಿಸಿದ ಪ್ರಿಂಟುಗಳು. ಮುಖದ ಮೇಲಿನ ಕಲೆ ತೆಗೆಯಬೇಕಾದರೆ ದೊಡ್ಡ ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್ಲಿನಿಂದ ಟಚಿಂಗ್ ಮಾಡುತ್ತಿದ್ದರು. ಪ್ರಿಂಟಿನ ಮೇಲಿನ ಬಿಳಿ ಚುಕ್ಕೆಗೆ ನಾಲ್ಕೇ ಕೂದಲಿನ ಕುಂಚ ಸಾಕಾಗುತ್ತಿತ್ತು. ಆ ಕಾಲದಲ್ಲೂ ಕಂಪೆನಿಗಳ ಪೈಪೋಟಿ ಇತ್ತು. ಕೊಡಾಕ್, ಫ್ಯೂಜಿ, ಕೊನಿಕಾ, ಆಗ್ಫಾ, ನಮ್ಮದೇ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಆದರೆ 1934ರಲ್ಲಿ ಕೊಡಾಕ್ ಹೊರತಂದ 35 ಮಿಲಿಮೀಟರಿನ ಫಿಲ್ಮ್ ಡಬ್ಬಿಯ ಅಳತೆಯನ್ನು ಕ್ರಮೇಣ ಎಲ್ಲರೂ ಒಪ್ಪಿಕೊಂಡರು. ಜಪಾನಿನ ಕ್ಯಾಮರಾಕ್ಕೆ ಜರ್ಮನಿಯ ಫಿಲ್ಮ್ ಹಾಕಿ, ಊಟಿಯ ಕಾಗದದ ಮೇಲೆ ಪ್ರಿಂಟ್ ತೆಗೆಯಬಹುದಿತ್ತು. ಎನ್‌ಲಾರ್ಜರ್ ಮುಂದೆ ಹಿಡಿದ ನೆಗೆಟಿವನ್ನು ‘ನೀನು ಯಾವ ಕ್ಯಾಮರಾದಿಂದ ಬಂದೆ’ ಎಂದು ಯಾರೂ ಕೇಳುತ್ತಿರಲಿಲ್ಲ.

2003ರಲ್ಲಿ ಅಂಗಡಿಗೆ ಕಂಪ್ಯೂಟರ್ ಬಂತು. ಜೋಡಿಸಿದ ಕಂಪ್ಯೂಟರಿಗೆ ಎಲ್ಲ ತಂತ್ರಾಂಶಗಳನ್ನೂ ‘ಹಾಕಿ ಕೊಡುವುದು’ ಆಗಿನ ರೂಢಿ. ಅದಕ್ಕೆ ಬೆಲೆಯಿದೆ, ಪರವಾನಗಿ ಇದೆ ಎಂಬ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ತಂದೆ ಮಾತ್ರ ಬೆಲೆ ಕೊಡದ ಸಾಮಾನು ಅಂಗಡಿಯಲ್ಲಿ ಬೇಡ ಎಂದರು. ಹಾಗಾಗಿ ಸ್ಕ್ಯಾನರ್ ಜೊತೆ ಸೇರಿಸಿ ಮಾರುತ್ತಿದ್ದ ಕಿರು ಆವೃತ್ತಿಯ ತಂತ್ರಾಂಶದಿಂದ ನಮ್ಮ ಕೆಲಸ ಆರಂಭವಾಯಿತು. ಮೊದಲ ದಿನ ಒಂದು ಮದುವೆಯ ಫೋಟೋ ತಿದ್ದಿ ತೋರಿಸಿದಾಗ ಅವರು ಪರದೆಯನ್ನು ಬಹಳ ಹೊತ್ತು ನೋಡಿ, “ಚೆನ್ನಾಗಿದೆ. ಇದರ ನೆಗೆಟಿವ್ ಎಲ್ಲಿದೆ?” ಎಂದು ಕೇಳಿದರು.

ಆ ಪ್ರಶ್ನೆಗೆ ನಾವು ಮೂವರೂ ಮೂರು ಉತ್ತರ ಕೊಟ್ಟೆವು. ಕ್ಯಾಮರಾದಿಂದ ಬಂದ ಕಡತವೇ ನೆಗೆಟಿವ್ ಎಂದರು ಒಬ್ಬರು. ಪದರ ಪದರವಾಗಿ ತಿದ್ದಿಟ್ಟ ಕಡತವೇ ನೆಗೆಟಿವ್ ಎಂದರು ಇನ್ನೊಬ್ಬರು. ಎರಡನ್ನೂ ತೆರೆದು ತೋರಿಸುವ ತಂತ್ರಾಂಶ ಇಲ್ಲದಿದ್ದರೆ ಯಾವುದೂ ನೆಗೆಟಿವ್ ಅಲ್ಲ ಎಂದಳು ಕಿರಿಯವಳು.

ಒಂದು ಮನೆ, ಮೂರು ಯಂತ್ರ

ಇಂದು ಫೋಟೋ ತಿದ್ದುವುದಕ್ಕೆ ಪರ್ಯಾಯ ಪದವೇ ಆಗಿಬಿಟ್ಟಿರುವ ಫೋಟೋಶಾಪ್ ಹುಟ್ಟಿದ್ದೂ ಒಡಹುಟ್ಟಿದವರ ಕೆಲಸವಾಗಿಯೇ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನಾಲ್ 1987ರಲ್ಲಿ ತನ್ನ ಮ್ಯಾಕಿಂತೋಷ್ ಪ್ಲಸ್ ಕಂಪ್ಯೂಟರಿನಲ್ಲಿ ಬೂದು ಬಣ್ಣದ ಛಾಯೆಗಳನ್ನು ತೋರಿಸಲು ಒಂದು ಪುಟ್ಟ ತಂತ್ರಾಂಶ ಬರೆದ. ಸಿನಿಮಾಗಳ ದೃಶ್ಯಚಮತ್ಕಾರಗಳಿಗೆ ಹೆಸರಾದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯಲ್ಲಿದ್ದ ಅವನ ತಮ್ಮ ಜಾನ್ ನಾಲ್ ಅದನ್ನು ಕಂಡು, ಇದನ್ನು ಬೆಳೆಸೋಣ ಎಂದ. ಅವರ ತಂದೆಯೂ ಮನೆಯಲ್ಲಿ ಡಾರ್ಕ್‌ರೂಮ್ ಇಟ್ಟುಕೊಂಡಿದ್ದವರು. ಅಡೋಬಿ ಕಂಪೆನಿ ಅದನ್ನು 1990ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ತಂದಾಗ ಅದು ಓಡುತ್ತಿದ್ದುದು ಆಪಲ್ ಕಂಪೆನಿಯ ಮ್ಯಾಕ್‌ನಲ್ಲಿ ಮಾತ್ರ. ವಿಂಡೋಸ್ ಬಳಸುವವರು 2.5ನೇ ಆವೃತ್ತಿಯ ತನಕ, ಅಂದರೆ ಸುಮಾರು ಮೂರು ವರ್ಷ ಕಾಯಬೇಕಾಯಿತು.

ಜಗತ್ತಿನ ಮುದ್ರಣಾಲಯಗಳೂ ಜಾಹೀರಾತು ಸಂಸ್ಥೆಗಳೂ ಮ್ಯಾಕ್‌ಗೆ ಒಗ್ಗಿಹೋದದ್ದಕ್ಕೆ ಇದೂ ಒಂದು ಕಾರಣ. ಶಾರ್ಜಾದ ಕಚೇರಿಯಲ್ಲಿದ್ದುದು ಮ್ಯಾಕ್. ನಮ್ಮ ಅಂಗಡಿಯಲ್ಲಿದ್ದುದು ವಿಂಡೋಸ್, ಏಕೆಂದರೆ ನಮ್ಮ ಪೇಟೆಯಲ್ಲಿ ರಿಪೇರಿ ಮಾಡಬಲ್ಲವರು ಸಿಗುತ್ತಿದ್ದುದು ಅದಕ್ಕೆ ಮಾತ್ರ. ಕಿರಿಯವಳ ಹಾಸ್ಟೆಲ್ ಕೋಣೆಯಲ್ಲಿದ್ದುದು ಉಚಿತವಾಗಿ ಸಿಗುವ ಲಿನಕ್ಸ್. ಊರಿಗೆ ಬರುವವರ ಕೈಯಲ್ಲಿ ಸಿ.ಡಿ. ಕಳುಹಿಸುವುದು, ಹೋಗುವವರ ಕೈಯಲ್ಲಿ ತಿದ್ದಿದ್ದನ್ನು ತರಿಸುವುದು ನಡೆದೇ ಇತ್ತು. ಅತ್ತರಿನ ಬಾಟಲಿ, ಖರ್ಜೂರದ ಪೊಟ್ಟಣಗಳ ನಡುವೆ ಯಾರದೋ ಅಜ್ಜನ ಹರಿದ ಫೋಟೋ ಸಿ.ಡಿ.ಯಲ್ಲಿ ಕುಳಿತು ಸಮುದ್ರ ದಾಟುತ್ತಿತ್ತು.

ಈ ಮೂರು ಯಂತ್ರಗಳ ನಡುವೆ ಫೋಟೋ ಓಡಾಡುವುದು ಕಷ್ಟವಾಗಿರಲಿಲ್ಲ. ಜೆಪೆಗ್ ಎಂಬ ರೂಪವನ್ನು 1992ರ ಹೊತ್ತಿಗೇ ಅಂತಾರಾಷ್ಟ್ರೀಯ ಮಾನದಂಡವಾಗಿ ಒಪ್ಪಿಕೊಂಡಿದ್ದರು. ಟಿಫ್ ಎಂಬುದು ಅದಕ್ಕಿಂತ ಹಳೆಯದು. ಇವೆರಡೂ ನಮ್ಮ 35 ಮಿಲಿಮೀಟರಿನ ಫಿಲ್ಮಿನ ಹಾಗೆ, ಎಲ್ಲರ ಮನೆಯಲ್ಲೂ ತೆರೆಯುತ್ತವೆ. ತೊಂದರೆ ಇದ್ದುದು ಫೋಟೋದಲ್ಲಲ್ಲ, ಅದರ ಮೇಲೆ ನಾವು ಮಾಡಿದ ಕೆಲಸದಲ್ಲಿ. ಫೋಟೋಶಾಪಿನಲ್ಲಿ ತಿದ್ದುವವರು ಮೂಲ ಚಿತ್ರವನ್ನು ಮುಟ್ಟದೆ, ಅದರ ಮೇಲೆ ಗಾಜಿನ ಹಾಳೆಗಳನ್ನಿಟ್ಟ ಹಾಗೆ ಪದರಗಳನ್ನು ಇಡುತ್ತಾರೆ. ಒಂದು ಪದರದಲ್ಲಿ ಬಿರುಕು ಮುಚ್ಚಿದ್ದು, ಇನ್ನೊಂದರಲ್ಲಿ ಬೆಳಕು ಸರಿಮಾಡಿದ್ದು, ಮತ್ತೊಂದರಲ್ಲಿ ಹೆಸರು ಬರೆದದ್ದು. ನಾಳೆ ಗಿರಾಕಿ ಬಂದು “ಕೆನ್ನೆ ಸ್ವಲ್ಪ ಕಪ್ಪಾಯಿತು” ಎಂದರೆ ಆ ಒಂದು ಪದರವನ್ನಷ್ಟೇ ಬದಲಿಸಿದರಾಯಿತು. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಆ ಕಡತವನ್ನು ಲಿನಕ್ಸಿನ ಗಿಂಪ್ ಎಂಬ ತಂತ್ರಾಂಶದಲ್ಲಿ ತೆರೆದರೆ ಕೆಲವು ಪದರಗಳು ಬರುತ್ತಿದ್ದವು, ಬೆಳಕು ಬಣ್ಣ ಹೊಂದಿಸಿದ ಪದರಗಳು ಬರುತ್ತಿರಲಿಲ್ಲ. ಬರೆದ ಅಕ್ಷರಗಳು ತಿದ್ದಲಾಗದ ಚಿತ್ರವಾಗಿ ಬರುತ್ತಿದ್ದವು. ಗಿಂಪಿನ ಸ್ವಂತ ಕಡತವನ್ನು ಫೋಟೋಶಾಪ್ ತೆರೆಯುತ್ತಲೇ ಇರಲಿಲ್ಲ.

ಒಂದೇ ತಂತ್ರಾಂಶವನ್ನು ಮೂವರೂ ಇಟ್ಟುಕೊಂಡರಾಗದೇ ಎಂದು ಓದುಗರು ಕೇಳಬಹುದು. ಆಗ ಮ್ಯಾಕ್‌ನ ಡಬ್ಬಿ ಬೇರೆ, ವಿಂಡೋಸ್‌ನ ಡಬ್ಬಿ ಬೇರೆ. ಒಂದಕ್ಕೆ ಕೊಟ್ಟ ದುಡ್ಡು ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ. ಲಿನಕ್ಸಿಗಂತೂ ಅದು ಇರಲೇ ಇಲ್ಲ. 1990ರ ದಶಕದಲ್ಲಿ ಐರಿಕ್ಸ್, ಸೊಲಾರಿಸ್ ಎಂಬ ದುಬಾರಿ ವ್ಯವಸ್ಥೆಗಳಿಗೆ ಫೋಟೋಶಾಪ್ ಕೊಟ್ಟಿದ್ದ ಅಡೋಬಿ, ಲಿನಕ್ಸಿಗಾಗಿ ಪ್ರತ್ಯೇಕ ಆವೃತ್ತಿಯನ್ನು ಇಂದಿನ ತನಕ ಮಾಡಿಲ್ಲ. ಇದರ ಬಿಸಿ ದೊಡ್ಡವರಿಗೂ ತಟ್ಟಿತ್ತು. 2003ರಲ್ಲಿ ಡಿಸ್ನಿಯಂಥ ಚಿತ್ರಸಂಸ್ಥೆ, ವಿಂಡೋಸ್‌ನ ಫೋಟೋಶಾಪನ್ನು ಲಿನಕ್ಸಿನಲ್ಲಿ ಓಡಿಸುವ ಉಪಾಯಕ್ಕಾಗಿ ಕೋಡ್‌ವೀವರ್ಸ್ ಎಂಬ ಸಣ್ಣ ಕಂಪೆನಿಗೆ ಹಣ ಕೊಟ್ಟಿತು. 2008ರಲ್ಲಿ ಗೂಗಲ್ ಕೂಡ ಅದೇ ಕೆಲಸಕ್ಕೆ ಹಣ ಒದಗಿಸಿತು. ಡಿಸ್ನಿಗೇ ಹಿಂಬಾಗಿಲಿನಿಂದ ಹೋಗಬೇಕಾದಲ್ಲಿ ನಮ್ಮಂಥವರ ಪಾಡೇನು?

ಮೂರು ಲಿಪಿಯ ಕಾರ್ಡು

ನಮ್ಮ ಕಡೆಯ ಮದುವೆಯ ಆಲ್ಬಮ್ಮಿಗೆ, ಆಮಂತ್ರಣಕ್ಕೆ ಮೂರು ಲಿಪಿ ಬೇಕು. ಮೇಲೆ ಅರಬಿಯಲ್ಲಿ ಬಿಸ್ಮಿಲ್ಲಾ, ನಡುವೆ ಕನ್ನಡ, ಕೆಳಗೆ ಗಲ್ಫಿನ ನೆಂಟರಿಗಾಗಿ ಇಂಗ್ಲಿಷ್. ಕಾಗದದ ಮೇಲೆ ಇದು ಬಹಳ ಸರಳ. ಕಂಪ್ಯೂಟರಿನಲ್ಲಿ ಮಾತ್ರ ಮೂರು ದೇಶಗಳ ಗಡಿ ದಾಟಿದಷ್ಟು ಕಷ್ಟವಿತ್ತು.

ಆ ದಿನಗಳ ಸಾಮಾನ್ಯ ಫೋಟೋಶಾಪಿಗೆ ಬಲದಿಂದ ಎಡಕ್ಕೆ ಬರೆಯುವುದು ಗೊತ್ತಿರಲಿಲ್ಲ. ಅದಕ್ಕೆಂದೇ ಮಧ್ಯಪ್ರಾಚ್ಯದ ಆವೃತ್ತಿಯನ್ನು ಪ್ರತ್ಯೇಕವಾಗಿ ಮಾರುತ್ತಿದ್ದರು. ಕನ್ನಡಕ್ಕೆ ಆ ಭಾಗ್ಯವೂ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟ್ ತಂದಿತ್ತಾದರೂ, ಅದರಲ್ಲಿ ಬರೆದದ್ದನ್ನು ಫೋಟೋಶಾಪಿಗೆ ತಂದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತಿದ್ದವು. ಮದುಮಗಳ ಹೆಸರಿನ ಒತ್ತು ಬೇರೆ, ಅಕ್ಷರ ಬೇರೆ. ಮ್ಯಾಕ್ ಸ್ಥಿತಿ ಇದಕ್ಕಿಂತ ಕಷ್ಟ. ಅದರೊಂದಿಗೆ ಕನ್ನಡದ ಫಾಂಟ್ ಬರತೊಡಗಿದ್ದೇ 2011ರ ಲಯನ್ ಆವೃತ್ತಿಯಿಂದ.

ಹಾಗಾಗಿ ಕರ್ನಾಟಕದ ಸ್ಟುಡಿಯೋ, ಮುದ್ರಣಾಲಯಗಳೆಲ್ಲ ಒಂದು ಉಪಾಯ ಹಿಡಿದಿದ್ದವು. ನುಡಿ, ಬರಹ, ಶ್ರೀಲಿಪಿಗಳಲ್ಲಿ ಸಿಗುತ್ತಿದ್ದ ಹಳೆಯ ಮಾದರಿಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಕಂಪ್ಯೂಟರಿಗೆ ಅದು ಇಂಗ್ಲಿಷ್, ನಮ್ಮ ಕಣ್ಣಿಗೆ ಕನ್ನಡ. ಆ ಫಾಂಟುಗಳನ್ನು ಮಾಡಿದವರು ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾವು ಮರೆಯುವಂತಿಲ್ಲ. ಅವಿಲ್ಲದಿದ್ದರೆ ಒಂದಿಡೀ ದಶಕ ನಮ್ಮ ಕಾರ್ಡುಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಉಳಿಯುತ್ತದೆ. ಶಾರ್ಜಾದಿಂದ ಫೋನ್ ಬರುತ್ತಿತ್ತು: “ಮದುಮಗನ ಹೆಸರಿರುವಲ್ಲಿ ಏನೋ ಮಂತ್ರ ಬರೆದ ಹಾಗಿದೆ, ಅದೇನು?”

ಮೂರೂ ಲಿಪಿಯನ್ನು ಒಂದೇ ಹಾಳೆಯಲ್ಲಿ ತಪ್ಪಿಲ್ಲದೆ ಬರೆದು ಕೊಟ್ಟದ್ದು ಹಾಸ್ಟೆಲ್ ಕೋಣೆಯ ಆ ಉಚಿತ ತಂತ್ರಾಂಶ. 2004ರ ಎರಡನೇ ಆವೃತ್ತಿಯಿಂದ ಗಿಂಪ್ ತನ್ನ ಅಕ್ಷರದ ಕೆಲಸವನ್ನು ‘ಪ್ಯಾಂಗೋ’ ಎಂಬ ವ್ಯವಸ್ಥೆಗೆ ಒಪ್ಪಿಸಿತ್ತು. ಗ್ರೀಕಿನ ‘ಪ್ಯಾನ್’, ಅಂದರೆ ಎಲ್ಲ. ಜಪಾನಿಯ ‘ಗೋ’, ಅಂದರೆ ಭಾಷೆ. ಹೆಸರಿನಲ್ಲೇ ಅದರ ಉದ್ದೇಶವಿದೆ. ಲಿನಕ್ಸ್ ಜೊತೆ ಬರುತ್ತಿದ್ದ ‘ಕೇದಗೆ’, ‘ಮಲ್ಲಿಗೆ’ ಎಂಬ ಕನ್ನಡ ಫಾಂಟುಗಳನ್ನು ಇಟ್ಟುಕೊಂಡು ಕಿರಿಯವಳು ಕಾರ್ಡು ಮಾಡಿ ಕಳುಹಿಸಿದಳು. ಒತ್ತು ಒತ್ತಿನ ಜಾಗದಲ್ಲಿತ್ತು, ಅರಬಿ ಬಲದಿಂದ ಎಡಕ್ಕೆ ಕೂಡಿಕೊಂಡು ಹರಿದಿತ್ತು. ಸಾವಿರಾರು ರೂಪಾಯಿ ಬೆಲೆಯ ತಂತ್ರಾಂಶಕ್ಕೆ ನಮ್ಮ ಭಾಷೆ ಲಾಭವಿಲ್ಲದ ಮಾರುಕಟ್ಟೆ. ಬೆಲೆಯೇ ಇಲ್ಲದ ತಂತ್ರಾಂಶಕ್ಕೆ ಅದೂ ಒಂದು ಭಾಷೆ. ಎಷ್ಟೋ ವರ್ಷಗಳ ನಂತರ ಫೋಟೋಶಾಪಿಗೂ ದಕ್ಷಿಣ ಏಷ್ಯಾದ ಲಿಪಿಗಳ ಸೌಲಭ್ಯ ಬಂತು. ಈಗ ಅದರಲ್ಲೂ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಆದರೆ ಆ ಹೊತ್ತಿಗೆ ಒಂದು ತಲೆಮಾರಿನ ಮದುವೆಗಳೇ ಮುಗಿದಿದ್ದವು.

ಕೋಣಗಳ ಕಾಳಗ

ಎರಡು ಕೋಣಗಳು ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಎಂಬ ಮಾತಿದೆ. ಆಪಲ್ ಮತ್ತು ಅಡೋಬಿಗಳ ಸಂಬಂಧ ನೋಡಿದರೆ ಆ ಮಾತು ನೆನಪಾಗುತ್ತದೆ. ಒಂದು ಕಾಲದಲ್ಲಿ ಒಂದರ ನೆರಳಿನಲ್ಲಿ ಇನ್ನೊಂದು ಬೆಳೆದವು ಇವು. 2005ರ ಜೂನ್‌ನಲ್ಲಿ ಆಪಲ್ ತನ್ನ ಕಂಪ್ಯೂಟರುಗಳನ್ನು ಇಂಟೆಲ್ ಚಿಪ್‌ಗಳಿಗೆ ಬದಲಾಯಿಸುವುದಾಗಿ ಸಾರಿತು. 2006ರ ಜನವರಿಯಲ್ಲಿ ಹೊಸ ಯಂತ್ರಗಳು ಬಂದವು. ಅವಕ್ಕೆ ಹೊಂದುವ ಫೋಟೋಶಾಪ್ ಬಂದದ್ದು 2007ರ ಏಪ್ರಿಲ್‌ನಲ್ಲಿ. ಅಷ್ಟರ ತನಕ ಹೊಸ ಮ್ಯಾಕ್ ಕೊಂಡವರು ದುಭಾಷಿಯ ಮೂಲಕ ಮಾತಾಡಿಸಿದ ಹಾಗೆ ಹಳೆಯ ತಂತ್ರಾಂಶವನ್ನು ನಿಧಾನವಾಗಿ ಓಡಿಸಬೇಕಾಯಿತು.

2007ರಲ್ಲಿ ಇನ್ನೊಂದು ಪೆಟ್ಟು. ಫೋಟೋಶಾಪ್ ಮ್ಯಾಕ್‌ನಲ್ಲಿ ನಿಂತಿದ್ದುದು ‘ಕಾರ್ಬನ್’ ಎಂಬ ಅಡಿಪಾಯದ ಮೇಲೆ. ಅದನ್ನು 64 ಬಿಟ್‌ಗೆ ಏರಿಸುವುದಿಲ್ಲ, ಬೇಕಿದ್ದರೆ ‘ಕೋಕೋ’ ಎಂಬ ಬೇರೆ ಅಡಿಪಾಯಕ್ಕೆ ಬನ್ನಿ ಎಂದಿತು ಆಪಲ್. ಹಿಂದಿನ ವರ್ಷವಷ್ಟೇ ಏರಿಸುತ್ತೇವೆ ಎಂದಿದ್ದವರ ಮಾತಿದು. ಹದಿನೇಳು ವರ್ಷ ಕಟ್ಟಿದ ಮನೆಯನ್ನು ಹೊಸ ಅಡಿಪಾಯಕ್ಕೆ ಸರಿಸುವುದು ಒಂದೆರಡು ತಿಂಗಳ ಕೆಲಸವಲ್ಲ. ಪರಿಣಾಮವಾಗಿ 2008ರ ಸಿಎಸ್4 ಆವೃತ್ತಿಯಲ್ಲಿ ವಿಂಡೋಸ್‌ನವರಿಗೆ 64 ಬಿಟ್‌ನ ಫೋಟೋಶಾಪ್ ಸಿಕ್ಕಿತು, ಮ್ಯಾಕ್‌ನವರಿಗೆ ಸಿಗಲಿಲ್ಲ. ಸಾಮಾನ್ಯರಿಗೆ ಇದರಿಂದ ಏನು ವ್ಯತ್ಯಾಸ? 32 ಬಿಟ್‌ನ ತಂತ್ರಾಂಶಕ್ಕೆ ಹೆಚ್ಚೆಂದರೆ 4 ಜಿಬಿ ನೆನಪು ಮಾತ್ರ ದಕ್ಕುತ್ತದೆ. ಕಟ್ಟಡದೆತ್ತರದ ಜಾಹೀರಾತು ಫಲಕ ಮಾಡುವವರಿಗೆ ಅದು ಸಾಲದು. ಮ್ಯಾಕ್‌ನವರ ಸರದಿ ಬಂದದ್ದು 2010ರ ಸಿಎಸ್5ರಲ್ಲಿ. ಯಾವ ಯಂತ್ರದಲ್ಲಿ ಫೋಟೋಶಾಪ್ ಹುಟ್ಟಿತೋ ಆ ಯಂತ್ರದವರೇ ಎರಡು ವರ್ಷ ಹಿಂದೆ ಬಿದ್ದರು.

ಇದಕ್ಕಿಂತ ಪಾಠ ಕಲಿಸುವ ಕಥೆ ಅಪರ್ಚರ್‌ನದು. ಆಪಲ್ 2005ರ ಅಕ್ಟೋಬರಿನಲ್ಲಿ 499 ಡಾಲರ್ ಬೆಲೆಗೆ ವೃತ್ತಿಪರ ಛಾಯಾಗ್ರಾಹಕರಿಗೆಂದು ಈ ತಂತ್ರಾಂಶವನ್ನು ಪ್ರಕಟಿಸಿತು. ಅದು ಮ್ಯಾಕ್‌ನಲ್ಲಿ ಮಾತ್ರ. ಎರಡೂವರೆ ತಿಂಗಳಿಗೆ ಅಡೋಬಿ ಲೈಟ್‌ರೂಮ್‌ನ ಪರೀಕ್ಷಾರ್ಥ ಆವೃತ್ತಿಯನ್ನು ಮ್ಯಾಕ್‌ನವರಿಗೆ ಪುಕ್ಕಟೆ ಹಂಚಿತು. ಅದೇ ವರ್ಷ ವಿಂಡೋಸ್‌ಗೂ ಕೊಟ್ಟು, 2007ರ ಫೆಬ್ರವರಿಯಲ್ಲಿ ಎರಡಕ್ಕೂ ಒಟ್ಟಿಗೆ ಮಾರಾಟಕ್ಕಿಟ್ಟಿತು. ಎರಡೂ ತಂತ್ರಾಂಶಗಳು ಮೂಲ ಚಿತ್ರವನ್ನು ಮುಟ್ಟುತ್ತಿರಲಿಲ್ಲ. ‘ಬೆಳಕು ಇಷ್ಟು ಹೆಚ್ಚಿಸು, ಕೆಂಪು ಇಷ್ಟು ತಗ್ಗಿಸು’ ಎಂಬ ಸೂಚನೆಗಳನ್ನು ತಮ್ಮ ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದವು. ಎಂಟು ಒಂಬತ್ತು ವರ್ಷ ಹೀಗೆ ನಡೆದ ಮೇಲೆ, 2014ರ ಜೂನ್‌ನಲ್ಲಿ ಅಪರ್ಚರನ್ನು ಇನ್ನು ಬೆಳೆಸುವುದಿಲ್ಲ ಎಂದಿತು ಆಪಲ್. 2015ರ ಏಪ್ರಿಲ್‌ನಲ್ಲಿ ಅಂಗಡಿಯಿಂದ ತೆಗೆಯಿತು. 2019ರ ಕ್ಯಾಟಲಿನಾ ಆವೃತ್ತಿಯ ಮ್ಯಾಕ್‌ನಿಂದ ಮುಂದೆ ಅದು ಓಡುವುದೇ ಇಲ್ಲ. ಅಪರ್ಚರ್‌ನಿಂದ ಲೈಟ್‌ರೂಮಿಗೆ ಬರುವವರಿಗೆ ಅಡೋಬಿ ಒಂದು ಸಲಕರಣೆ ಕೊಟ್ಟಿತು. ಮೂಲ ಚಿತ್ರಗಳು ದಾಟಿದವು, ಶೀರ್ಷಿಕೆಗಳು ದಾಟಿದವು, ಆಲ್ಬಮ್ಮುಗಳು ದಾಟಿದವು. ತಿದ್ದಿದ ಸೂಚನೆಗಳು ದಾಟಲಿಲ್ಲ. ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ. ಸಾವಿರಾರು ಛಾಯಾಗ್ರಾಹಕರ ವರ್ಷಗಳ ಕಣ್ಣಿನ ಕೆಲಸ ಈಚೆ ದಡದಲ್ಲೇ ಉಳಿಯಿತು.

ಕ್ಯಾಮರಾ ಕಂಪೆನಿಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ವೃತ್ತಿಪರರು ಬಳಸುವ ‘ರಾ’ ಕಡತ, ಅಂದರೆ ಕ್ಯಾಮರಾದ ಕಣ್ಣು ಕಂಡದ್ದನ್ನು ಹಾಗೆಯೇ ಇಟ್ಟ ಕಡತ, ಒಂದೊಂದು ಕಂಪೆನಿಯದು ಒಂದೊಂದು ಬಗೆ. 2005ರಲ್ಲಿ ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮರಾದ ಕಡತದಲ್ಲಿ ಬಿಳಿ ಬಣ್ಣದ ಸಮತೋಲದ ಮಾಹಿತಿಯನ್ನು ಗುಪ್ತ ಸಂಕೇತದಲ್ಲಿ ಅಡಗಿಸಿಟ್ಟಿತು. ಅದನ್ನು ಬಹಿರಂಗವಾಗಿ ಆಕ್ಷೇಪಿಸಿದವರಲ್ಲಿ ಫೋಟೋಶಾಪಿನ ಥಾಮಸ್ ನಾಲ್ ಕೂಡ ಒಬ್ಬ. ಅದಕ್ಕೂ ಮೊದಲು, 2004ರಲ್ಲಿ ಅಡೋಬಿ ಎಲ್ಲರೂ ಬಳಸಬಹುದಾದ ‘ಡಿಎನ್‌ಜಿ’ ಎಂಬ ರೂಪವನ್ನು ಮುಂದಿಟ್ಟಿತ್ತು. ಆ ಹೆಸರಿನ ಅರ್ಥವೇ ಡಿಜಿಟಲ್ ನೆಗೆಟಿವ್. ತಂದೆಯ ಪ್ರಶ್ನೆ ನಮ್ಮ ಪೇಟೆಯಾಚೆಗೂ ಇದ್ದ ಪ್ರಶ್ನೆ ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ಕೊಡುವವರ ಲೆಕ್ಕ, ಕೊಳ್ಳುವವರ ಲೆಕ್ಕ

ಕಂಪೆನಿಗಳನ್ನು ದೂರುವುದು ಸುಲಭ. ನ್ಯಾಯವಾಗಿ ಹೇಳಬೇಕಾದರೆ, ಒಂದು ತಂತ್ರಾಂಶವನ್ನು ಎರಡು ಮೂರು ವ್ಯವಸ್ಥೆಗಳಿಗೆ ಹೊಂದಿಸುವುದು ಒಂದೇ ಅಂಗಿಯನ್ನು ಮೂವರಿಗೆ ಹೊಲಿದ ಹಾಗಲ್ಲ. ಪ್ರತಿ ವ್ಯವಸ್ಥೆಗೂ ಬೇರೆ ಕೆಲಸಗಾರರು, ಬೇರೆ ಪರೀಕ್ಷೆ, ಬೇರೆ ದೂರು. ಅದಕ್ಕೆ ಸಂಬಳ ಕೊಡಬೇಕು. 2002ರ ಫೋಟೋಶಾಪ್ 7ರಲ್ಲಿ ಬಂದ, ಗಾಯ ಮಾಯಿಸುವ ಕುಂಚ ಎನ್ನಬಹುದಾದ ಸಲಕರಣೆ ಬಿರುಕು ಬಿಟ್ಟ ಹಳೆಯ ಫೋಟೋಗಳಿಗೆ ವರದಾನವಾಯಿತು. ಸುತ್ತಲಿನ ಚರ್ಮದ ಬಣ್ಣವನ್ನು ತಾನೇ ಗ್ರಹಿಸಿ ಬಿರುಕನ್ನು ಮುಚ್ಚುತ್ತದೆ ಅದು. ಅಂಥದೊಂದು ಸಲಕರಣೆ ಗಿಂಪಿಗೆ ಬಂದದ್ದು 2007ರಲ್ಲಿ. ಐದು ವರ್ಷ ಹಾಸ್ಟೆಲಿನ ಯಂತ್ರದಲ್ಲಿ ಬಿರುಕುಗಳನ್ನು ಚುಕ್ಕೆ ಚುಕ್ಕೆಯಾಗಿ ಕೈಯಲ್ಲೇ ಮುಚ್ಚಬೇಕಿತ್ತು. ನವಿರಾದ ಬಣ್ಣಗಳಿಗೆ ಬೇಕಾದ 16 ಬಿಟ್‌ನ ಸೌಲಭ್ಯ ಅದಕ್ಕೆ 2018ರಲ್ಲಿ ಬಂತು. ಮೂಲವನ್ನು ಮುಟ್ಟದೆ ಪರಿಣಾಮಗಳನ್ನು ಪದರದ ಮೇಲಿಟ್ಟು, ಬೇಕೆಂದಾಗ ಬದಲಿಸುವ ಸೌಲಭ್ಯ 2025ರ ಮಾರ್ಚ್‌ನ ಮೂರನೇ ಆವೃತ್ತಿಯಲ್ಲಿ ಬಂತು. ದುಡ್ಡಿಲ್ಲದ ದಾರಿ ಉದ್ದವಾದದ್ದು.

ಆದರೂ ಆ ದಾರಿಯಲ್ಲಿ ಗೇಟು ಇಲ್ಲ. ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಕೆಲಸ ಅದು. ಪರದೆಯ ಮೇಲೆ ಗುಂಡಿ, ಪಟ್ಟಿಗಳನ್ನು ಮೂಡಿಸಲು ಅವರು ಮೊದಲು ಬಳಸಿದ ಸಾಮಗ್ರಿ ದುಡ್ಡಿನದು. ಅದರ ಹಂಗು ಬೇಡವೆಂದು ತಾವೇ ಹೊಸದನ್ನು ಮಾಡಿಕೊಂಡರು. ಮುಂದೆ ಲಿನಕ್ಸಿನ ಗ್ನೋಮ್ ಎಂಬ ಇಡೀ ವ್ಯವಸ್ಥೆ ಆ ಸಾಮಗ್ರಿಯ ಮೇಲೆಯೇ ನಿಂತಿತು. ಇಂದು ಗಿಂಪ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರ ಕಡತ ಮೂರರಲ್ಲೂ ಒಂದೇ. ಯಾವ ಕಂಪೆನಿಯ ಆಡಳಿತ ಮಂಡಳಿಯೂ ಒಂದು ಸಂಜೆ ಕುಳಿತು ಅದನ್ನು ಮುಚ್ಚಲಾರದು.

ಇನ್ನೊಂದೆಡೆ ಕೊಳ್ಳುವ ಕಾಲವೇ ಮುಗಿಯುತ್ತಾ ಬಂತು. 2012ರ ಸಿಎಸ್6ರ ನಂತರದ ಫೋಟೋಶಾಪ್ ಮಾರಾಟಕ್ಕಿಲ್ಲ, 2013ರಿಂದ ಅದು ಬಾಡಿಗೆಗೆ ಮಾತ್ರ. ಬಾಡಿಗೆಯಲ್ಲಿ ಅನುಕೂಲವೂ ಇದೆ. ಮ್ಯಾಕ್, ವಿಂಡೋಸ್ ಎಂಬ ಭೇದ ಹೋಯಿತು, ಒಂದೇ ಬಾಡಿಗೆಯಲ್ಲಿ ಎರಡರಲ್ಲೂ ಹಾಕಿಕೊಳ್ಳಬಹುದು. ಆದರೆ ಬಾಡಿಗೆ ನಿಂತ ದಿನ ನಮ್ಮದೇ ಪದರಗಳನ್ನು ತೆರೆದು ತಿದ್ದುವ ಬಾಗಿಲೂ ಮುಚ್ಚುತ್ತದೆ. ಡಾರ್ಕ್‌ರೂಮಿನ ಬಾಡಿಗೆ ಕಟ್ಟದಿದ್ದರೆ ನೆಗೆಟಿವ್‌ಗಳು ಕುರುಡಾಗುತ್ತವೆ ಎಂದು ತಂದೆಯ ಕಾಲದಲ್ಲಿ ಯಾರಾದರೂ ಹೇಳಿದ್ದರೆ ಜನ ನಗುತ್ತಿದ್ದರು.

ಪುಕ್ಕಟೆ ಸಿಕ್ಕಿದ್ದೂ ಶಾಶ್ವತವಲ್ಲ. ಗೂಗಲ್ 2004ರಲ್ಲಿ ಕೊಂಡುಕೊಂಡ ಪಿಕಾಸಾ ನಮ್ಮ ನಾಡಿನ ಎಷ್ಟೋ ಮನೆಗಳ ಮೊದಲ ಫೋಟೋ ತಂತ್ರಾಂಶ. ಮೊದಲು ವಿಂಡೋಸ್‌ಗೆ, 2006ರಲ್ಲಿ ಲಿನಕ್ಸಿಗೆ, 2009ರಲ್ಲಿ ಮ್ಯಾಕ್‌ಗೆ ಬಂತು. ಮೂರೂ ಮನೆಗೆ ಕಾಲಿಟ್ಟ ಅಪರೂಪದ ಅತಿಥಿ ಅದು. 2016ರಲ್ಲಿ ಅದಕ್ಕೂ ವಿದಾಯ ಹೇಳಿದರು.

ಇವೆಲ್ಲದರ ಪರಿಣಾಮ ನಮ್ಮ ಮೇಜಿನ ಮೇಲೆ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2019ರಲ್ಲಿ ಒಂದೇ ವಾರದಲ್ಲಿ ಇಬ್ಬರು ಬಂದರು. ಒಬ್ಬರು ದಮ್ಮಾಮಿನಿಂದ ಬಂದವರು. ತಂದೆ 1984ರಲ್ಲಿ ತೆಗೆದಿದ್ದ ಅವರ ತಾಯಿಯ ಫೋಟೋ ಬೇಕಿತ್ತು. ತಾಯಿ ತೀರಿಕೊಂಡಿದ್ದರು. ಮನೆಯಲ್ಲಿದ್ದ ಪ್ರಿಂಟು ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿ ಹೋಗಿತ್ತು. ದಫ್ತರದಲ್ಲಿ ನಂಬರು ಹುಡುಕಿ, ಲಕೋಟೆಯಿಂದ ನೆಗೆಟಿವ್ ತೆಗೆದು, ಸ್ಕ್ಯಾನ್ ಮಾಡಿ ಅದೇ ಸಂಜೆ ಪ್ರಿಂಟ್ ಕೊಟ್ಟೆವು. ಅವರು ಅದನ್ನು ಅಂಗಡಿಯಲ್ಲಿ ಬಿಡಿಸಿ ನೋಡಲಿಲ್ಲ, ಮನೆಗೆ ಹೋಗಿ ನೋಡುತ್ತೇನೆ ಎಂದು ಎದೆಗೊತ್ತಿಕೊಂಡು ಹೋದರು. ಇನ್ನೊಬ್ಬರಿಗೆ 2007ರ ಮದುವೆಯ ಆಲ್ಬಮ್ಮಿನ ಇನ್ನೊಂದು ಪ್ರತಿ ಬೇಕಿತ್ತು. ಹಾಳೆಗಳ ಪದರದ ಕಡತ ಹೊಸ ಕಂಪ್ಯೂಟರಿನಲ್ಲಿ ತೆರೆಯಿತು. ಆದರೆ ಹೆಸರುಗಳಿದ್ದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಫಾಂಟಿನ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ಓಡುತ್ತಿರಲಿಲ್ಲ. ಮೂವತ್ತೈದು ವರ್ಷದ ನೆಗೆಟಿವ್ ಬದುಕಿತ್ತು, ಹನ್ನೆರಡು ವರ್ಷದ ಕಡತ ಮೂಕವಾಗಿತ್ತು.

ಆ ಆಲ್ಬಮ್ಮೂ ಕೊನೆಗೆ ಗಿರಾಕಿಯ ಕೈ ಸೇರಿತು. ಏಕೆಂದರೆ ತಂದೆಯ ಪ್ರಶ್ನೆಯಿಂದಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಪ್ರತಿ ಕೆಲಸದಲ್ಲೂ ಮೂರು ವಸ್ತು ಉಳಿಯಬೇಕು. ಮೊದಲನೆಯದು ಕ್ಯಾಮರಾದಿಂದ ಬಂದ ಮೂಲ. ಎರಡನೆಯದು ಎಲ್ಲ ಪದರಗಳನ್ನೂ ಒಂದಾಗಿಸಿ, ಅಕ್ಷರವೂ ಚಿತ್ರವೇ ಆಗಿರುವ ಟಿಫ್ ಪ್ರತಿ. ಮೂರನೆಯದು ಲಕೋಟೆಯ ಮೇಲೆ ಪೆನ್ನಿನಲ್ಲಿ ಬರೆದ ನಾಲ್ಕು ಸಾಲು: ಎಡಗೆನ್ನೆಯ ಬಿರುಕು ಮುಚ್ಚಿದೆ, ಹಿನ್ನೆಲೆ ತಿಳಿ ಮಾಡಿದೆ, ಹೆಸರು ಹೀಗೆ ಬರೆದಿದೆ. ಪದರಗಳ ಕಡತವನ್ನೂ ಇಡುತ್ತೇವೆ, ಆದರೆ ಅದನ್ನು ನಂಬಿ ಕೂರುವುದಿಲ್ಲ. ಅದು ಅಡುಗೆಮನೆ. ಊಟ ಬಡಿಸಿದ ಮೇಲೆ ಒಲೆ ಯಾವ ಕಂಪೆನಿಯದು ಎಂಬುದು ಮುಖ್ಯವಾಗಬಾರದು.

ಈಗ ಮನೆಮನೆಯಲ್ಲೂ ಮೊಬೈಲ್‌ನಲ್ಲಿ ಫೋಟೋ ತಿದ್ದುತ್ತಾರೆ. ಬೆರಳು ಸವರಿದರೆ ಬೆಳಕು ಹೆಚ್ಚುತ್ತದೆ, ಬೇಡದವರು ಮಾಯವಾಗುತ್ತಾರೆ. ಐಫೋನಿನಲ್ಲಿ ತಿದ್ದಿದ್ದು ಒಂದು ಲೋಕ, ಆಂಡ್ರಾಯ್ಡ್‌ನಲ್ಲಿ ತಿದ್ದಿದ್ದು ಇನ್ನೊಂದು ಲೋಕ. ಫೋನ್ ಬದಲಿಸುವಾಗ ಚಿತ್ರ ದಾಟುತ್ತದೆ, ಅದರ ಹಿಂದಿನ ಮೂಲ ದಾಟಿತೇ ಎಂದು ಯಾರೂ ನೋಡುವುದಿಲ್ಲ. ಎಷ್ಟೋ ಚಿತ್ರಗಳು ದೂರದ ಸರ್ವರ್‌ಗಳಲ್ಲಿವೆ. 2024ರಲ್ಲಿ ಅಡೋಬಿಯ ಬಳಕೆಯ ಷರತ್ತುಗಳ ಬಗ್ಗೆ ಜಗತ್ತಿನಾದ್ಯಂತ ಕಲಾವಿದರು ಆಕ್ಷೇಪಿಸಿದಾಗ, ಗ್ರಾಹಕರ ಕೃತಿಗಳನ್ನು ಕೃತಕ ಬುದ್ಧಿಮತ್ತೆಗೆ ಕಲಿಸಲು ಬಳಸುವುದಿಲ್ಲ ಎಂದು ಕಂಪೆನಿ ಸ್ಪಷ್ಟಪಡಿಸಬೇಕಾಯಿತು. ಅಂದು ನೆಗೆಟಿವ್ ಕೇಳಿ ಒಯ್ಯುತ್ತಿದ್ದ ತಾಯಂದಿರಿಗೆ ಈ ಷರತ್ತುಗಳನ್ನು ಓದಿ ಹೇಳಿದ್ದರೆ ಏನೆನ್ನುತ್ತಿದ್ದರೋ.

ನಾವು ಯಾವ ಕಂಪೆನಿಯ ವಿರುದ್ಧವೂ ಅಲ್ಲ, ಯಾವುದರ ವಕೀಲರೂ ಅಲ್ಲ. ಅಂಗಡಿಯಲ್ಲಿ ಇಂದಿಗೂ ಮೂರು ಬಗೆಯ ಯಂತ್ರಗಳಿವೆ. ಒಳ್ಳೆಯ ಸಲಕರಣೆಗೆ ಬೆಲೆ ಕೊಡುವುದು ನ್ಯಾಯವೇ. ಆದರೆ ಸಲಕರಣೆಗೆ ಕೊಟ್ಟ ಬೆಲೆಯಲ್ಲಿ ನಮ್ಮ ಕೆಲಸದ ಕೀಲಿಕೈಯೂ ಸೇರಿರಬಾರದು. ಮದುವೆಯ ಫೋಟೋ ತೆಗೆಸುವವರಿಗೆ ನಾವು ಹೇಳುವುದಿಷ್ಟೇ: ಸ್ಟುಡಿಯೋದವರಿಂದ ಆಲ್ಬಮ್ ಮಾತ್ರ ಪಡೆಯಬೇಡಿ, ಮೂಲ ಕಡತಗಳನ್ನೂ ಪೂರ್ತಿಯಾದ ಹಾಳೆಗಳ ಜೆಪೆಗ್ ಅಥವಾ ಟಿಫ್ ಪ್ರತಿಯನ್ನೂ ಕೇಳಿ ಪಡೆಯಿರಿ. ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ. ಮನೆಯ ಹಿರಿಯರ ಒಂದೆರಡು ಫೋಟೋಗಳನ್ನಾದರೂ ಕಾಗದದ ಮೇಲೆ ಪ್ರಿಂಟ್ ಮಾಡಿಸಿ, ಹಿಂಬದಿಯಲ್ಲಿ ಹೆಸರು, ವರ್ಷ ಬರೆಯಿರಿ. ಕಾಗದಕ್ಕೆ ವಿಂಡೋಸೂ ಬೇಡ, ಮ್ಯಾಕೂ ಬೇಡ.

ಅಮಾನತು ಇಟ್ಟುಕೊಂಡವನ ಗುಣ ಗೊತ್ತಾಗುವುದು ಅದನ್ನು ಮರಳಿ ಕೇಳಿದಾಗ. ಮೊಮ್ಮಕ್ಕಳು ಬಂದು ಕೇಳುವ ದಿನ ನಮ್ಮಲ್ಲಿ ಯಾವ ಯಂತ್ರವಿರುತ್ತದೋ, ಯಾವ ಕಂಪೆನಿ ಉಳಿದಿರುತ್ತದೋ ತಿಳಿಯದು. ಕೊಡಲು ಕೈಯಲ್ಲೇನಾದರೂ ಇರಬೇಕು, ಅದಕ್ಕಾಗಿ ಇವತ್ತು ಒಂದು ಗಂಟೆ ತೆಗೆದಿಟ್ಟರೂ ಸಾಕು.